ಅಲಾಯಿಗೆ ಹಾಕಿದ ಉಪ್ಪು

ಮಸ್ಕಿಯ ಕೇರಿಯಲ್ಲಿ ಪೀರಮ್ಮನ ತೋಳು ಒಮ್ಮೆ ನೋಡಿದವರು ಮತ್ತೆ ನೋಡುತ್ತಿರಲಿಲ್ಲ. ಭುಜದಿಂದ ಮೊಣಕೈತನಕ, ತೊಡೆಯ ಮೇಲೂ, ಪುಚ್ಚ ಕಿತ್ತ ಕೋಳಿಯ ಮೈಯಂತೆ ಸಣ್ಣ ಸಣ್ಣ ಗುಳ್ಳೆ. ನೋವಿಲ್ಲ, ಕೀವಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆದರೂ ಸಿಂಧನೂರಿನ ಗಂಡನ ಮನೆಯವರು ದೊಡ್ಡ ರೋಗವೆಂದು ಹೆದರಿ, ಮೊದಲ ಯುಗಾದಿಗೂ ಮುಂಚೆಯೇ ತವರಿಗೆ ಅಟ್ಟಿದರು. ನಿಜಾಮನ ಕಾಲ. ಗೌಡನ ಮನೆಯ ಬಿಟ್ಟಿ ಚಾಕರಿಗೆ ಕರೆಯುವಾಗ ಮಾತ್ರ ಯಾರಿಗೂ ಆ ಗುಳ್ಳೆ ಕಾಣಲಿಲ್ಲ. ಸಗಣಿ ಎತ್ತುವ ತೋಳಿಗೆ ಚಂದ ಯಾಕೆ?

ತವರಿನಲ್ಲಿ ತಮ್ಮ ಗದ್ದೆಪ್ಪ, ಅವನ ಹೆಂಡತಿ ಬಸ್ಸಮ್ಮ. ಬಸ್ಸಮ್ಮ ಲಿಂಗಸುಗೂರಿನವಳು; ಅವಳ ತೋಳು ಸಾರಿಸಿದ ಪಡಸಾಲೆಯಷ್ಟು ನುಣುಪು. ಅವಳು ಬಳೆ ಸರಿಸಿದರೂ ಪೀರಮ್ಮನ ಹೊಟ್ಟೆ ಉರಿಯಿತು, ರೊಟ್ಟಿ ಬಡಿದರೂ ಉರಿಯಿತು. ಅದಕ್ಕಿಂತ ದೊಡ್ಡ ಉರಿ ಇನ್ನೊಂದಿತ್ತು. ಅದೇ ಗುಳ್ಳೆ ಗದ್ದೆಪ್ಪನ ತೋಳಲ್ಲೂ ಇದ್ದವು. ಬಿಸಿಲಿನ ಬೊಕ್ಕೆ ಎಂದು ಬಸ್ಸಮ್ಮ ಸುಮ್ಮನಿದ್ದಳು. ಗಂಡಸಿನ ಮೈ ಯಾರು ಸವರಿ ನೋಡುತ್ತಾರೆ? ಅವನಿಗೆ ನುಣ್ಣನೆ ಹೆಂಡತಿ ಸಿಕ್ಕಳು, ಅಕ್ಕನಿಗೆ ತವರಿನ ಮೂಲೆ.

ಮೊದಮೊದಲು ಪೀರಮ್ಮ ಹಿಮ್ಮಡಿ ಉಜ್ಜುವ ಕಲ್ಲಿನಿಂದ ತೋಳು ತಿಕ್ಕಿಕೊಳ್ಳುತ್ತಿದ್ದಳು. ರಕ್ತ ಜಿನುಗುತ್ತಿತ್ತು, ಗುಳ್ಳೆ ಇನ್ನಷ್ಟು ಏಳುತ್ತಿದ್ದವು. ಬಳೆ ತೊಡಿಸಲು ಬಂದ ಮಾಸುಂಬಿ ಅವಳ ಕೈ ಹಿಡಿದು ಬೈದಳು.

"ಯವ್ವಾ ಪೀರಮ್ಮ, ಇದು ಮೈಯೋ, ಗೌಡರ ಮನಿ ಹಂಡೆಯೋ? ಹಿಂಗ್ಯಾಕ ತಿಕ್ಕಾಕತ್ತೀ?"

"ಹಾಳಾಗಿ ಹೋಗ್ಲಿ ಅಂತ."

"ಇವು ಹೋಗೋವಲ್ಲ ಬೇ, ಮಲಗೋವು. ನನ್ನ ತಂಗೀಗೂ ಅದಾವು. ಉಗುರುಬೆಚ್ಚನ ನೀರು ಹಾಕ್ಕೋ. ಕಡ್ಲಿಹಿಟ್ಟು ಹಗೂರಕ ಸವರು. ಮೈ ಆರೂದ್ರಾಗ ಕುಸುಬಿ ಎಣ್ಣಿ ಹಚ್ಚು. ದಿನಾ ಹಚ್ಚಬೇಕು. ಬಿಟ್ಟೀ ಅಂದ್ರ ಎದ್ದು ಕುಂದರ್ತಾವ."

ಪೀರಮ್ಮ ಬಿಡದೆ ಹಚ್ಚಿದಳು. ಚಳಿಗಾಲದಲ್ಲಿ ಒಂದಿಷ್ಟು ತಲೆ ಎತ್ತಿದರೂ ಗುಳ್ಳೆ ಮಲಗಿದವು. ಹೊಟ್ಟೆಕಿಚ್ಚು ಮಲಗಲಿಲ್ಲ.

ಬಸ್ಸಮ್ಮ ಹೆಣ್ಣು ಹೆತ್ತಳು. ಕೂಸಿಗೆ ಜೋಗಮ್ಮನೆಂದು ಹೆಸರಿಟ್ಟರು. ಎತ್ತಿಕೊಳ್ಳಲು ಪೀರಮ್ಮ ತೋಳು ಚಾಚಿದರೆ ಬಸ್ಸಮ್ಮ ಕೂಸನ್ನು ಎದೆಗೆ ಎಳೆದುಕೊಂಡಳು.

"ಬ್ಯಾಡ ಯಕ್ಕಾ. ಹಸಿಗೂಸು. ನಿನ್ನ ತೋಳು ತಾಗಿದ್ರ ತರಚೀತು."

ಆ ವರ್ಷದ ಮೊಹರಮ್ಮಿನಲ್ಲಿ ಪೀರಮ್ಮ ದೇವರ ಮುಂದೆ ತೋಡಿದ ಅಲಾಯಿ ಕುಣಿಯ ಬೆಂಕಿಗೆ ಉಪ್ಪು ಹಾಕಿದಳು. ಉಪ್ಪು ಚಟಚಟ ಸಿಡಿದಂತೆ ಮೈಮೇಲಿನ ಗುಳ್ಳೆಯೂ ಸಿಡಿದು ಹೋಗುತ್ತದೆಂದು ಜನರ ನಂಬಿಕೆ. ಅವಳು ಬೇಡಿಕೊಂಡದ್ದೇ ಬೇರೆ. 'ನನ್ನವು ಹೋಗದಿದ್ರ ಅಷ್ಟ ಹೋತು, ಆ ಬಸ್ಸಿಗೂ ಬರ್ಲಿ.'

ಬಸ್ಸಿಗೆ ಬರಲಿಲ್ಲ. ಜೋಗಮ್ಮನಿಗೆ ಐದು ತುಂಬುವಷ್ಟರಲ್ಲಿ ಅವಳ ತೋಳ ಮೇಲೆ ನವಣೆ ಚೆಲ್ಲಿದಂತೆ ಗುಳ್ಳೆ ಎದ್ದವು.

ಅದನ್ನು ಕಂಡ ದಿನ ಪೀರಮ್ಮನಿಗೆ ಹಬ್ಬ. ಒಂದು ರೊಟ್ಟಿ ಹೆಚ್ಚೇ ತಿಂದಳು. ಸಂಜೆ ಬಚ್ಚಲಿನಿಂದ ಕೂಸಿನ ಚೀರಾಟ ಕೇಳಿತು. ಇಣುಕಿದರೆ, ಬಸ್ಸಮ್ಮ ಹಿಮ್ಮಡಿ ಕಲ್ಲು ಹಿಡಿದು ಮಗಳ ತೋಳು ತಿಕ್ಕುತ್ತಿದ್ದಾಳೆ. ತಾನು ಹಾಕಿದ ಉಪ್ಪು ಗುರಿ ತಪ್ಪಿ ಕೂಸಿಗೆ ಬಡಿಯಿತೇ? ನುಗ್ಗಿ ಕಲ್ಲು ಕಿತ್ತುಕೊಂಡಳು.

"ಬಿಡಲೇ! ಕೂಸನ್ನ ಸುಲೀತೀ ಏನು?"

"ನಿನ್ನ ಕಣ್ಣು ಬಿದ್ದ ಹಿಂಗಾಗೇತಿ! ಹೊಟ್ಟಿಕಿಚ್ಚಿನಾಕಿ!"

"ಹೌದು, ಹೊಟ್ಟಿಕಿಚ್ಚಿನಾಕೀನ. ನೀ ಬಂದಾಗಿಂದ ಉರಕೊಂಡೀನಿ. ನಿನಗ ಬರ್ಲಿ ಅಂತ ಅಲಾಯಿಗೆ ಉಪ್ಪು ಹಾಕೀನಿ. ಬಂದೇತೇನು ನಿನಗ? ಲೇ ಗದ್ದ್ಯಾ, ಬಾ ಇಲ್ಲಿ, ಕಂಬಳಿ ತೆಗಿ!"

ಗದ್ದೆಪ್ಪ ಬಂದು ನಿಂತ. ಪೀರಮ್ಮ ಅವನ ತೋಳು, ಕೂಸಿನ ತೋಳು, ತನ್ನ ತೋಳು ಒತ್ತಟ್ಟಿಗೆ ಹಿಡಿದಳು. ಒಂದೇ ಹೊಲದ ಬೆಳೆ. ಹಿಡಿದ ಮೇಲೆ ಅವಳ ಎದೆಯ ಅಂಜಿಕೆಯೂ ಇಳಿಯಿತು.

"ಸವರಿ ನೋಡು ಬಸ್ಸಿ. ಕಣ್ಣೂ ಅಲ್ಲ, ಉಪ್ಪೂ ಅಲ್ಲ, ಇದು ನಮ್ಮಪ್ಪನ ರಕ್ತ. ಇವನ ಮೈಮ್ಯಾಲ ಇದ್ರ ಬಿಸಿಲಿನ ಬೊಕ್ಕಿ, ನನ್ನ ಮೈಮ್ಯಾಲ ಇದ್ರ ರೋಗ. ನಾಳೆ ನಿನ್ನ ಮಗಳನ್ನೂ ಯಾರರ ನನ್ನಂಗ ಅಟ್ಟಿದ್ರ?"

ಬಸ್ಸಮ್ಮ ಗಂಡನ ತೋಳು ಸವರಿದಳು, ಆಮೇಲೆ ಮಗಳದು.

"ನನಗೆಂದೂ ಕೆರೀಲಿಲ್ಲ ನೋಡು," ಎಂದ ಗದ್ದೆಪ್ಪ.

"ನೀ ಬಾಯಿ ಮುಚ್ಚು!" ಇಬ್ಬರೂ ಹೆಂಗಸರು ಒಟ್ಟಿಗೆ ಬೈದರು. ಅವರು ಒಂದೇ ಮಾತಾಡಿದ್ದು ಅದೇ ಮೊದಲು.

ಅಂದಿನಿಂದ ಜೋಗಮ್ಮನಿಗೆ ನೀರೆರೆಯುವ ಕೆಲಸ ಪೀರಮ್ಮನದಾಯಿತು. ಬೆಚ್ಚನೆ ನೀರು, ಕಡಲೆಹಿಟ್ಟು, ಹಸಿಮೈಗೇ ಎಣ್ಣೆ. ಮುಂದಿನ ಮೊಹರಮ್ಮಿಗೆ ಎತ್ತಿಟ್ಟಿದ್ದ ಉಪ್ಪು ಸಾರಿಗೆ ಬಿತ್ತು. ಒಂದು ದಿನ ಬಸ್ಸಮ್ಮ, "ಬಾರವ್ವಾ, ಇವತ್ತು ನಾ ಹಚ್ತೀನಿ," ಎಂದರೆ ಹುಡುಗಿ ಅತ್ತೆಯ ತೊಡೆಯಿಂದ ಏಳಲೇ ಇಲ್ಲ.

"ನೀ ಬ್ಯಾಡ. ಅತ್ತಿ ಕೈ ಮೆತ್ತಗದಾವು."

ಬಸ್ಸಮ್ಮ ನುಣ್ಣನೆಯ ತೋಳು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಳು. ಆ ನಿಲುವು ಪೀರಮ್ಮನಿಗೆ ಚೆನ್ನಾಗಿ ಗೊತ್ತು. ತಾನೂ ವರ್ಷಗಟ್ಟಲೆ ಹಾಗೇ ನಿಂತು ಉರಿದವಳು. ಪಾಪ ಅನ್ನಿಸಲಿಲ್ಲ. ಅಂಗೈಗೆ ಮತ್ತೊಂದಿಷ್ಟು ಎಣ್ಣೆ ಸುರುವಿಕೊಂಡು, ಇನ್ನಷ್ಟು ನಿಧಾನವಾಗಿ ಹಚ್ಚತೊಡಗಿದಳು.