ಅಕ್ಕನ ಗಂಟು

ನಮ್ಮ ಮನೆಯಲ್ಲಿ ಬಾಯಗಲದ ಪ್ಲಾಸ್ಟಿಕ್ ಡಬ್ಬಿಗಳಿಗೆ ಬರವಿಲ್ಲ. ಹುಣಸೆಗೊಂದು, ಹುರುಳಿಗೊಂದು, ಉಪ್ಪಿನಕಾಯಿಗೆ ಮೂರು. ಹಾಗಾಗಿ ಆ ಶನಿವಾರ ಮಧ್ಯಾಹ್ನ ಚಾಮರಾಜನಗರದ ನರ್ಸಿಂಗ್ ಹೋಮಿನ ಆಯಾ ಅಂಥದ್ದೇ ಒಂದು ಡಬ್ಬಿಯನ್ನು ನನ್ನ ಕೈಗಿತ್ತು, "ಸೋಮವಾರ ಮೈಸೂರು ಲ್ಯಾಬ್‌ಗೆ ಕೊಟ್ಬುಡಿ ಮೇಡಮ್ಮೋರೆ, ಇವತ್ತು ಮುಚ್ಚೋಗದೆ" ಎಂದಾಗ ನಾನು ಅದನ್ನು ಮಾಮೂಲಿ ಸಾಮಾನಿನಂತೆ ಚೀಲಕ್ಕೆ ಹಾಕಿಕೊಂಡೆ. ಒಳಗೆ ಮಾಂಸ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದಲ್ಲಿ ಮುಳುಗಿದ್ದದ್ದು ಅಂದು ಬೆಳಿಗ್ಗೆ ನನ್ನ ಅಕ್ಕನ ಎದೆಯಿಂದ ತೆಗೆದ ಗಂಟು.

ಅದು ಕ್ಯಾನ್ಸರ್ ಎಂಬುದು ಸೂಜಿ ಚುಚ್ಚಿ ತೆಗೆದ ಮೊದಲ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಇನ್ನು ತಿಳಿಯಬೇಕಾದದ್ದು ಆ ಗಂಟಿನ ಕೋಶಗಳ ಮೈಮೇಲೆ ಹರ್-ಟು ಎಂಬ ಪ್ರೋಟೀನು ಅತಿಯಾಗಿದೆಯೇ ಎಂಬುದು. ಬೆಳೆಯೆಂಬ ಅಪ್ಪಣೆಯನ್ನು ಕೋಶದೊಳಕ್ಕೆ ದಾಟಿಸುವುದು ಅದರ ಕಾಯಕ. ಅದು ಮಿತಿಮೀರಿದರೆ ಕೋಶ ಒಂದೇ ಸಮನೆ ಒಡೆದು ಒಡೆದು ಹೆಚ್ಚುತ್ತದೆ. ವಿಚಿತ್ರವೆಂದರೆ, ಗೆಳೆಯರೇ, ಆ ಕೇಡಿಯೇ ಇರಲೆಂದು ನಾವು ಹಾರೈಸಬೇಕಿತ್ತು. ಅದಿದ್ದರೆ ಅದರ ಮೇಲೆಯೇ ಹೋಗಿ ಕೂತು ಬಾಯಿ ಕಟ್ಟುವ ಔಷಧಿಯಿದೆ, ಇಲ್ಲದಿದ್ದರೆ ಆ ಔಷಧಿಯಿಂದ ಫಲವಿಲ್ಲ. ಅಕ್ಕನ ರೋಗದ ಓಟ ನೋಡಿದ್ದ ಡಾಕ್ಟರು ಇದನ್ನೇ ನೆಚ್ಚಿಕೊಂಡಿದ್ದರು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಬಣ್ಣದ ಸೀಮೆಸುಣ್ಣದಲ್ಲಿ ಜೀವಕೋಶ ಬರೆದು ಪಾಠ ಹೇಳುತ್ತ ಬಂದ ನನಗೆ ಇಷ್ಟು ಅರ್ಥವಾಗದೆ ಇರುತ್ತದೆಯೇ?

ಡಬ್ಬಿಯನ್ನು ಕುದೇರಿನ ತವರಿಗೆ ತಂದು ಅಟ್ಟದ ಮೇಲಿಟ್ಟೆ. ಏನದು ಎಂದು ಅವ್ವ ಕೇಳಿದಳು. ನನ್ನದು ಮೊದಲೇ ಸಿಡುಕು ಸ್ವಭಾವ, ಸಾಲದ್ದಕ್ಕೆ ಅಂದು ಕಾಲೂ ಸೋತಿತ್ತು. "ಅಕ್ಕನ ಮೈಯ್ಯಿಂದು ಒಂದು ತುಂಡು ಕಣವ್ವ, ಮುಟ್ಬೇಡ" ಎಂದಷ್ಟೇ ಹೇಳಿ, ಅಕ್ಕನ ಬಳಿ ಇರಲು ಆಸ್ಪತ್ರೆಗೆ ಮರಳಿದೆ. ಪ್ರೋಟೀನಿನ ಮಾತು ಇವಳಿಗೇಕೆಂದುಕೊಂಡೆ. ಮಕ್ಕಳಿಗೆ ನೂರು ಸಲ ಬಿಡಿಸಿ ಹೇಳುವ ನನಗೆ ಹೆತ್ತವಳ ಮುಂದೆ ಎರಡು ವಾಕ್ಯ ಹೆಚ್ಚಾಗಿತ್ತು.

ಸೋಮವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಡಬ್ಬಿ ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ.

"ಮೈಯ್ಯ ತುಂಡು ಅಂದಲ್ಲ ನೀನು," ಎಂದಳು ಅವ್ವ, ನೆಮ್ಮದಿಯಿಂದಲೇ. "ಅದ ಅಟ್ಟದ ಮ್ಯಾಲೆ ಮಡಗಕ್ಕಾದದ? ನಿನ್ನೆ ಒಲಕ್ಕೋಗಿ ನಿಮ್ಮಪ್ಪನ ಪಕ್ಕದಲ್ಲಿ ಮಣ್ ಮಾಡ್ಬುಟ್ಟೆ. ಈಬೂತಿ ಇಟ್ಟು ಪತ್ರೆ ಹಾಕ್ದೆ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೊಲದಂಚಿನಲ್ಲಿ ಮಣ್ಣು ಮಾಡುತ್ತೇವೆ. ಅವ್ವ ಅದನ್ನೇ ಮಾಡಿದ್ದಳು. ನಾನು ಆಡಬಾರದ್ದನ್ನೆಲ್ಲ ಆಡಿದೆ. ಮಗಳನ್ನು ನೀನೇ ಕೊಂದೆ ಎಂದೂ ಅಂದೆ. ಗುದ್ದಲಿ ಹಿಡಿದು ಓಡಿಹೋಗಿ ಅಗೆದೆ. ಬಾಳೆಲೆಯ ಮಡಿಕೆಯಲ್ಲಿ ಸಿಕ್ಕಿತು, ಇರುವೆ ಮುತ್ತಿತ್ತು. ಹಾಗೆಯೇ ಡಬ್ಬಿಗೆ ಹಾಕಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ಲ್ಯಾಬಿನವರು ಮುಚ್ಚಳ ತೆಗೆದು ನೋಡಿ, ಇದರಿಂದ ಏನೂ ತಿಳಿಯುವುದಿಲ್ಲವೆಂದರು.

ಫೋನಿನಲ್ಲಿ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದೆ. "ಸೂಜೀಲಿ ತೆಗೆದಿದ್ದ ಎಳೆಯಷ್ಟು ಮಾಂಸ ಅದೇ ಲ್ಯಾಬಲ್ಲಿ ಮೇಣದಲ್ಲಿ ಕೂರಿಸಿಟ್ಟಿರ್ತಾರೆ. ಅದರಲ್ಲೇ ನೋಡಿ ಅಂತ ಹೇಳ್ತೀನಿ. ಸಾಕಾಗುತ್ತೋ ಇಲ್ವೋ ಗೊತ್ತಿಲ್ಲ ಮೇಡಂ."

ಹನ್ನೊಂದು ದಿನ ಕಾದೆ. ಅಕ್ಕನಿಗೆ ಏನನ್ನೂ ಹೇಳಲಿಲ್ಲ. ತೆರಕಣಾಂಬಿಯ ತನ್ನ ಮನೆಗೆ ಹಿಂತಿರುಗಿದ್ದ ಅವಳು ದಿನಾ ಫೋನಿನಲ್ಲಿ ರಿಪೋರ್ಟ್ ಬಂತಾ ಎನ್ನುವಳು, ನಾನು ಲ್ಯಾಬಿನವರ ಮೇಲೆ ಗೂಬೆ ಕೂರಿಸುವೆ. ಕಣ್ಣಿಗೆ ಕಾಣದ, ತೂಕವಿಲ್ಲದ, ಬಣ್ಣ ಹಚ್ಚಿದರಷ್ಟೇ ಗೋಚರಿಸುವ ಒಂದು ವಸ್ತುವಿನ ಮೇಲೆ ಒಬ್ಬ ಹೆಂಗಸಿನ ಆಯುಷ್ಯ ನಿಂತಿರುವುದನ್ನು ನೆನೆದರೆ ಪಾಠದ ನಡುವೆಯೇ ಮಾತು ತಪ್ಪುತ್ತಿತ್ತು. ಆ ತುಂಡು ನನಗೆ ಬರಿಯ ಸ್ಯಾಂಪಲ್ ಆಗಿತ್ತು, ಅವ್ವನಿಗೆ ಮಗಳೇ ಆಗಿತ್ತು ಎಂದು ಒಮ್ಮೊಮ್ಮೆ ಅನ್ನಿಸದೆ ಇರಲಿಲ್ಲ. ಆದರೂ ಅವಳೊಡನೆ ಮಾತು ಬಿಟ್ಟೆ. ಅವಳು ಪಕ್ಕದ ಮನೆಯವರಿಂದ ಎರಡು ಸಲ ಫೋನು ಮಾಡಿಸಿದಳು, ನಾನು ಎತ್ತಲಿಲ್ಲ.

ಹನ್ನೆರಡನೆಯ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಡಾಕ್ಟರ ಕರೆ ಬಂತು. ಎಳೆ ಸಾಕಾಗಿತ್ತು. ಪ್ರೋಟೀನು ಹೇರಳವಾಗಿತ್ತು. ಮುಂದಿನ ವಾರವೇ ಔಷಧಿ ಶುರುಮಾಡೋಣ ಎಂದರು. ಅಕ್ಕನಿಗೆ ಹೇಳಿ, ಅರ್ಧ ದಿನದ ರಜೆ ಬರೆದಿಟ್ಟು ಕುದೇರಿಗೆ ಹೋದೆ.

ಅವ್ವ ಕೇಳಿದ್ದು ಒಂದೇ: "ಅಂಗಾರೆ ಉಳೀತಾಳಾ?"

"ದಾರಿ ಅದೆ ಕಣವ್ವ."

ಅವಳು ಅಳಲಿಲ್ಲ. ಎದ್ದು ಮೂಲೆಯ ಗುದ್ದಲಿ ತಂದು ನನ್ನ ಮುಂದಿಟ್ಟಳು. "ನಿಮ್ಮಕ್ಕನ್ಗೆ ಬರೋ ಮಣ್ಣ ಆ ತುಂಡ್ಗೇ ಕೊಟ್ಬುಟ್ರೆ ಸಾವು ಅವಳ ತಂಟೆಗೆ ಬರಕಿಲ್ಲ ಅನ್ಕಂಡಿದ್ದೆ. ನೀನು ಅಗ್ದು, ಗುಂಡಿಯ ಬಾಯ್ ತಗ್ದಂಗೇ ಬುಟ್ಟೋದೆ. ಬರೀ ಗುಂಡಿ ಯಾರ್ನಾರ ಕೇಳ್ತದೆ ಕಣಮ್ಮಿ. ತಗ್ದೋರೆ ಮುಚ್ಬೇಕು, ನೀ ನೋಡುದ್ರೆ ಫೋನೇ ಎತ್ನಿಲ್ಲ. ದಿನಾ ಓಗಿ ಅದ್ರ ಪಕ್ಕ ಕೂತಿದ್ದು ಬತ್ತಿದ್ದೆ, ಕೇಳುದ್ರೆ ನನ್ನ ಕೇಳ್ಲಿ ಅಂತ."

ಗುದ್ದಲಿ ಎತ್ತಿಕೊಂಡು ಅವಳ ಹಿಂದೆಯೇ ಹೊಲಕ್ಕೆ ನಡೆದೆ. ಗುಂಡಿಯ ಅಂಚಿನಲ್ಲಿ ಅವಳು ಕೂತು ಕೂತು ಹುಲ್ಲು ನೆಲಕ್ಕೆ ಅಂಟಿತ್ತು. ಗುದ್ದಲಿಯನ್ನು ಬದಿಗಿಟ್ಟು, ಮಂಡಿಯೂರಿ, ಎರಡೂ ಕೈಗಳಿಂದ ಮಣ್ಣೆಳೆದು ಹಾಕಿ ಮುಚ್ಚಿದೆ.