ಭೂತಾನ ಬೇಡವೆಂದು ಬಿಟ್ಟ ನಕ್ಷೆ

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಗೋಡೆಗೆ ನಕ್ಷೆ ತೂಗುಹಾಕಿ, ಕೋಲಿನ ತುದಿಯಿಂದ ಕೃಷ್ಣೆಯನ್ನು ಮಹಾಬಳೇಶ್ವರದಿಂದ ಬಂಗಾಳ ಕೊಲ್ಲಿಯವರೆಗೆ ಹರಿಸುವುದೇ ನನ್ನ ಹೊಟ್ಟೆಪಾಡು. ಹೀಗಿರುವಾಗ ಕೊಲ್ಹಾಪುರದ ಅಂಗಡಿಯವನೊಬ್ಬ ನನಗೆ ನಕ್ಷೆಯ ಪಾಠ ಹೇಳಲು ಬಂದರೆ ಕೇಳುತ್ತೇನೆಯೇ? ಕೇಳಲಿಲ್ಲ. ಅದರಿಂದ ಕಷ್ಟಕ್ಕೆ ಬಿದ್ದವಳು ಮಾತ್ರ ನಮ್ಮವ್ವ.

ಎರಡು ಸಾವಿರದ ಹನ್ನೊಂದರ ಸುಮಾರಿನ ಮಾತು. ನಾನು, ನನ್ನ ಗಂಡ ಚಿಕ್ಕೋಡಿಯಲ್ಲಿದ್ದೆವು. ಅವ್ವ ಬೋರಗಾಂವದ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದಳು. ಮಂದಿಯ ಹೊಲದಲ್ಲಿ ಕಳೆ ಕಿತ್ತು, ತಂಬಾಕಿನ ಘಾಟಿನಲ್ಲಿ ಕೆಮ್ಮುತ್ತ ದುಡಿದು ನನ್ನನ್ನು ಓದಿಸಿದವಳು. ಒಂದು ಭಾನುವಾರ ಊರಿನ ಬುದ್ಧ ವಿಹಾರದಲ್ಲಿ ಮಾಯಾದೇವಿಯ ಕಥೆ ಓದಿದರಂತೆ. ತುಂಬಿದ ಬಸುರಿ ತವರಿಗೆ ಹೊರಟಿದ್ದಳು, ಲುಂಬಿನಿ ಎಂಬಲ್ಲಿ ಮರದ ಕೊಂಬೆ ಹಿಡಿದು ನಿಂತಲ್ಲೇ ಬುದ್ಧನನ್ನು ಹೆತ್ತಳು ಎಂದು ಓದಿದವರು ಅಲ್ಲಿಗೇ ಪುಸ್ತಕ ಮುಚ್ಚಿದರಂತೆ. ಅವ್ವನಿಗೆ ಅಷ್ಟೇ ಸಾಕಾಯಿತು. ಏಕೆಂದರೆ ನಾನು ಹುಟ್ಟಿದ್ದೂ ಹಾಗೆಯೇ. ಯಡೂರಿನ ತವರಿಗೆ ಎತ್ತಿನ ಚಕ್ಕಡಿಯಲ್ಲಿ ಹೊರಟವಳು ಅರ್ಧ ದಾರಿಯಲ್ಲಿ ಯಾರದೋ ಹೊಲದ ಬದುವಿನ ಮೇಲೆ, ಬೇವಿನ ಗಿಡದ ನೆರಳಿನಲ್ಲಿ ನನ್ನನ್ನು ಹೆತ್ತಿದ್ದಳು.

ಮರುದಿನವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಕೈಯಲ್ಲಿನ ಚೀಲ ಇಳಿಸುವ ಮೊದಲೇ ಹೇಳಿದಳು: “ಆಕೀನೂ ನನ್ನಂಗ ದಾರ್ಯಾಗ ಹಡದಾಳಂತ. ಆ ಜಾಗಾ ನಾ ನೋಡಬೇಕ. ಕಾಲ ಗಟ್ಟಿ ಇದ್ದಾಗ ಕರ್ಕೊಂಡ ಹೋಗ.”

ಗಂಡ ಆಗಷ್ಟೇ ಹಳೆಯ ಕಾರೊಂದನ್ನು ಕೊಂಡಿದ್ದರು. ಮೇ ತಿಂಗಳ ರಜೆಯಲ್ಲಿ ಕಾರಿನಲ್ಲೇ ಹೋಗುವುದೆಂದು ತೀರ್ಮಾನವಾಯಿತು. ದಾರಿ ತೋರಿಸುವ ಜಿಪಿಎಸ್ ಯಂತ್ರ ತರುವ ಜವಾಬ್ದಾರಿ ನನ್ನದು. ಕೊಲ್ಹಾಪುರದ ಅಂಗಡಿಯವನು ನಾವು ಎಲ್ಲಿಗೆ ಹೋಗುತ್ತೇವೆಂದು ಕೇಳಿಕೊಂಡು, ಪೆಟ್ಟಿಗೆ ಬಿಚ್ಚಿ ಮರಾಠಿಯಲ್ಲಿ ಸಮಾಧಾನದಿಂದ ವಿವರಿಸಿದ. ಭಾರತದ ನಕ್ಷೆ ಒಳಗೇ ಇದೆ. ನೇಪಾಳ, ಭೂತಾನ ಎರಡೂ ಕೂಡಿ ಬೇರೆ ನಕ್ಷೆ, ಅದನ್ನು ಬೇರೆಯಾಗಿ ಹಾಕಿಸಿಕೊಳ್ಳಬೇಕು. ಭೂತಾನ ನನಗೇಕೆ ಬೇಕು ಎಂದು ಕೇಳಿದೆ. ಭೂತಾನ ಬೇಡ ಮ್ಯಾಡಮ್, ಆದರೆ ಲುಂಬಿನಿ ಇರುವುದು ಬೇರೆ ದೇಶದಲ್ಲಿ, ನೇಪಾಳವಾದರೂ ಬೇಕಲ್ಲ ಎಂದ. ಬೇಡದ್ದನ್ನು ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡೆ.

ನನ್ನ ತಪ್ಪಿಗೆ ನಮ್ಮ ಸೀಮೆಯ ಗಾಳಿಯೂ ಸ್ವಲ್ಪ ಕಾರಣ. ನಮಗೆ ಗಡಿ ಅಂದರೆ ಏನು ಮಹಾ? ಕಾಗವಾಡದವರು ಮುಂಜಾನೆ ಆಚೆ ರಾಜ್ಯದ ಮೀರಜಿಗೆ ಹೋಗಿ ಡಾಕ್ಟರಿಗೆ ಹಲ್ಲು ತೋರಿಸಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾರೆ. ನಿಪ್ಪಾಣಿಯವರ ಅರ್ಧ ಬೀಗರು ಆಚೆ ಕಡೆಯವರೇ. ರಾಜ್ಯ ದಾಟಿದ್ದು ಗೊತ್ತಾಗುವುದು ಅಂಗಡಿಯ ಬೋರ್ಡು ನೋಡಿದಾಗ, ಅದೂ ಖಾತ್ರಿಯಿಲ್ಲ. ಮೇಲಾಗಿ ನಮ್ಮ ಶಾಲೆಯ ಭಾರತದ ನಕ್ಷೆಯಲ್ಲಿ ಅಂಚಿಗೆ ನೇಪಾಳದ ಚೂರೂ ಇರುತ್ತದೆ. ಲುಂಬಿನಿ ಗಡಿಯ ಮಗ್ಗುಲಿಗೇ ಇದೆ. ಯಂತ್ರದಲ್ಲೂ ಅಷ್ಟು ಚೂರು ಇದ್ದೇ ಇರುತ್ತದೆ ಎಂದು ಲೆಕ್ಕ ಹಾಕಿ, ಭಾರತವನ್ನಷ್ಟೇ ತೆಗೆದುಕೊಂಡು ಬಂದೆ.

ಹೊರಟ ಮೂರು ದಿನ ಯಂತ್ರ ಹೇಳಿದಂತೆ ಕಾರು ತಿರುಗಿತು. ಹಿಂದಿನ ಸೀಟಿನಲ್ಲಿ ಅವ್ವ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಇಟ್ಟುಕೊಂಡು ಮಹಾರಾಣಿಯಂತೆ ಕೂತಿದ್ದಳು. ಒಂದು ಕಡೆ ಗಂಡ ಕಾರು ನಿಲ್ಲಿಸಿ ಯಾರನ್ನೋ ದಾರಿ ಕೇಳಲು ಹೋದರೆ ಅವರನ್ನು ತಡೆದಳು. “ಯಾಕ ಕೇಳ್ತೀರಿ ಅಳಿಯಾರ? ನನ್ನ ಮಗಳು ಊರ ಹುಡುಗರಿಗೆಲ್ಲಾ ನಕಾಶಿ ಕಲಸ್ತಾಳ. ಆಕಿಗಿ ಗೊತ್ತಿಲ್ಲದ ದಾರಿ ಐತೇನು?” ನಾನು ಒಳಗೊಳಗೇ ಉಬ್ಬಿದೆ.

ನಾಲ್ಕನೆಯ ದಿನ ಸೋನೌಲಿ ಗಡಿ ಬಂತು. ಕಾಗವಾಡ ದಾಟಿದಷ್ಟೇ ಆರಾಮವಾಗಿ ಗಂಡ ಕಾರನ್ನು ಕಮಾನಿನ ಕೆಳಗೆ ನುಗ್ಗಿಸಿದರು. ಹಿಂದಿನಿಂದ ಸೀಟಿ. ನೇಪಾಳದ ಪೊಲೀಸಪ್ಪ ಓಡಿ ಬಂದು ಬಾನೆಟ್ಟಿನ ಮೇಲೆ ಕೈ ಬಡಿದ. ಬೇರೆ ದೇಶದ ಗಾಡಿಗೆ ಸುಂಕದ ಕಚೇರಿಯಿಂದ ಪರವಾನಗಿ ಬೇಕಂತೆ. ಅದನ್ನು ಪಡೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು, ಮೇಲೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಕಾಗದ ಕೊಟ್ಟವನು ಹಿಂದಿಯಲ್ಲಿ ಎಚ್ಚರಿಸಿದ: ಪರವಾನಗಿ ಇವತ್ತೊಂದೇ ದಿನಕ್ಕೆ, ಮಾಯಾದೇವಿ ಗುಡಿಯ ಬಾಗಿಲು ಸಂಜೆಗೆ ಮುಚ್ಚುತ್ತದೆ. ನಮಗೂ ರಜೆ ಮುಗಿಯುತ್ತ ಬಂದಿತ್ತು, ನಾಳೆ ಬೆಳಿಗ್ಗೆ ಊರ ಕಡೆ ತಿರುಗಲೇಬೇಕಿತ್ತು. ಇಂದು ತಪ್ಪಿದರೆ ಅವ್ವನ ಆಸೆ ತಪ್ಪಿದಂತೆಯೇ.

ಕಾರು ಮುಂದೆ ಹೋಯಿತು. ಯಂತ್ರದ ಪರದೆ ನೋಡಿದೆ. ರಸ್ತೆಗಳೆಲ್ಲ ಮಾಯ. ಖಾಲಿ ಪರದೆಯ ನಡುವೆ ನಮ್ಮ ಕಾರಿನ ಬಾಣ ಒಂದೇ ನಿಂತಿತ್ತು. ಒಳಗಿನ ಹೆಣ್ಣುಧ್ವನಿ ಹಿಂತಿರುಗಿ, ಹಿಂತಿರುಗಿ ಎಂದು ಇಂಗ್ಲಿಷಿನಲ್ಲಿ ಗೋಗರೆಯುತ್ತಿತ್ತು. ಗಂಡ ನನ್ನ ಮುಖ ನೋಡಿದರು. ನೇರಕ್ಕೆ ನಡೀರಿ ಎಂದೆ, ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದು ಜೀವನದಲ್ಲಿ ಅದೇ ಮೊದಲು.

“ಇನ್ನ ಎಷ್ಟ ದೂರ ಐತಿ?” ಅವ್ವ ಕೇಳಿದಳು. ಬಂತು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಮೂರನೇ ಸಲ ಕೇಳಿದಾಗ ನನ್ನ ಸಿಟ್ಟು ನೆತ್ತಿಗೇರಿತು. “ಸುಮ್ನ ಕುಂದರ ಬೇ ಅವ್ವ, ತಲಿ ತಿನಬ್ಯಾಡ.” ತಪ್ಪು ನನ್ನದು, ಬೈಗುಳ ಅವಳಿಗೆ. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಎದುರಿಗೆ ನೀಲಿ ಗುಡ್ಡಗಳ ಸಾಲು ಕಾಣಿಸಿತು. ಲುಂಬಿನಿ ಇರುವುದು ಬಯಲಿನಲ್ಲಿ ಎಂಬುದು ಭೂಗೋಳದವಳಾಗಿ ನನಗೆ ಗೊತ್ತಿತ್ತು. ಗುಡ್ಡ ಹತ್ತಿರವಾಗುತ್ತಿದೆ ಎಂದರೆ ನಾವು ದಾರಿ ತಪ್ಪಿದ್ದೇವೆ. ಕಾರು ನಿಲ್ಲಿಸಲು ಹೇಳಿ ಹಿಂದೆ ತಿರುಗಿದೆ. “ಅವ್ವ, ನನಗ ದಾರಿ ಗೊತ್ತಿಲ್ಲ. ಬೇಕಾದ ನಕಾಶಿ ನಾ ತರಲೇ ಇಲ್ಲ.”

ಅವ್ವ ನಕ್ಕಳು. “ಮದಲ ಹೇಳಬಾರ್ದೇನ? ನಾಕ ದಿನಾ ಆತು, ಒಬ್ಬರ ಜೋಡಿ ಮಾತಾಡಿಲ್ಲ ನಾ.” ಬಾಗಿಲು ತೆರೆದು ಇಳಿದೇಬಿಟ್ಟಳು. ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಸವತೆಕಾಯಿ ಮಾರುತ್ತಿದ್ದಳು. ಅವ್ವ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ಶುರುಮಾಡಿದಳು. ಆ ಹೆಂಗಸಿಗೆ ಏನು ತಿಳಿಯಿತೋ ದೇವರೇ ಬಲ್ಲ. ಇಬ್ಬರೂ ನಕ್ಕರು, ಕೈ ಆಡಿಸಿದರು, ಅವ್ವ ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ ಬಸುರಿಯ ಸನ್ನೆಯನ್ನೂ ಮಾಡಿದಳು. ಬರುವಾಗ ಕೈಯಲ್ಲಿ ನಾಲ್ಕು ಸವತೆಕಾಯಿ. “ಹಿಂದ ದೊಡ್ಡ ಚೌಕ ಬಂದಿತ್ತಲ್ಲ, ಅಲ್ಲೇ ಹೊಳ್ಳಬೇಕಿತ್ತಂತ. ತಿರಗಸ್ರಿ ಅಳಿಯಾರ.”

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ದಾರಿ ನೆಟ್ಟಗಿದ್ದಲ್ಲೂ ಗಾಜು ಇಳಿಸಿ ಕೇಳುತ್ತಿದ್ದಳು. ನನಗೆ ಹೊತ್ತಿನ ಚಿಂತೆ. ಆದರೆ ಬೈಯಲು ಬಾಯಿ ಬರಲಿಲ್ಲ.

ಬಾಗಿಲು ಮುಚ್ಚಲು ಅರ್ಧ ಗಂಟೆಯಿದ್ದಾಗ ಮುಟ್ಟಿದೆವು. ಒಳಗೆ ಹಳೆಯ ಇಟ್ಟಿಗೆಗಳ ನಡುವೆ, ಗಾಜಿನ ಕೆಳಗೆ ಒಂದು ಕಲ್ಲು. ಹೆತ್ತ ಜಾಗ ಇದೇ ಅಂತೆ. ಸಾಲು ಮುಂದೆ ತಳ್ಳುತ್ತಿತ್ತು. ಅವ್ವ ಸೆರಗು ಸರಿಪಡಿಸಿಕೊಂಡು ಬಗ್ಗಿ ನೋಡಿದಳು, ಕೈ ಮುಗಿದಳು, ಹೊರಗೆ ಬಂದಳು.

ಗುಡಿಯ ಪಕ್ಕದ ಕೊಳದ ದಂಡೆಯಲ್ಲಿ ಬೌದ್ಧ ಭಿಕ್ಷು, ಭಂತೇಜಿಯೊಬ್ಬರು ನಾಗಪುರದ ಜನರಿಗೆ ಮರಾಠಿಯಲ್ಲಿ ಕಥೆ ಹೇಳುತ್ತಿದ್ದರು. ಅವ್ವನೂ ನಿಂತು ಕೇಳಿದಳು. ಹೆತ್ತ ಏಳನೆಯ ದಿನಕ್ಕೆ ಮಾಯಾದೇವಿ ತೀರಿಕೊಂಡಳು ಎಂದು ಅವರು ಹೇಳಿದಾಗ ಅವ್ವ ನನ್ನ ಮೊಣಕೈ ಹಿಡಿದಳು.

“ಏಳ ದಿನಕ್ಕ?” ಎಂದು ನನ್ನನ್ನೇ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

ಅವಳು ನೆಲದ ಮೇಲೆ ಕೂತಳು. ಪಕ್ಕದಲ್ಲಿ ಕೂತು, ದಾರಿಯಲ್ಲಿ ಬೈದದ್ದಕ್ಕೆ ತಪ್ಪಾಯಿತು ಎಂದೆ. ಹೇಳುವಾಗ ಅಳು ಬಂದುಬಿಟ್ಟಿತು.

“ಪಾಪ, ಆಕಿ ಮಗನ್ನ ಏಳ ದಿನಾ ಅಷ್ಟ ನೋಡ್ಯಾಳ,” ಅಂದಳು ಅವ್ವ. “ನಾ ನಿನ್ನ ನಲವತ್ತ ವರ್ಷ ಆತು ನೋಡಾಕತ್ತಿ. ಬೈತಿ, ಖರೆ. ಬೈಸಿಕೊಳ್ಳಾಕಾದ್ರೂ ನಾ ಉಳದೀನಲ್ಲ.”