ಹಿತ್ತಾಳೆ ಚಮಚದ ಸ್ಯಾನಿಟೈಸರ್

ಓಝರ್ ಎಂಬ ಊರಿನ ನಮ್ಮ ಕ್ವಾರ್ಟರ್ಸಿನಲ್ಲಿ ಎದುರುಮನೆಯ ಅಕ್ಕ ಬೀದರ್ ಕಡೆಯವರು. ಕೊರೋನಾ ಕಾಲದಲ್ಲಿ ಮನೆಯಲ್ಲೇ ಸ್ಯಾನಿಟೈಸರ್ ಮಾಡುತ್ತಿದ್ದರು. ತುಳಸಿ, ಲವಂಗ ಕುದಿಸಿ, ಲೋಳೆಸರ ಬೆರೆಸಿ, ಮೇಲೆ ಸ್ಪಿರಿಟ್ ಹಾಕುತ್ತೇನೆ ಎನ್ನುತ್ತಿದ್ದರು. ಅವರ ಸೀರೆಯೆಂದರೆ ನನಗೆ ಹಸಿರೇ ನೆನಪಾಗುತ್ತದೆ. ಆ ಬಣ್ಣ ಸೀರೆಯದೋ, ಆಮೇಲೆ ನನ್ನ ನೆನಪೇ ಬಳಿದದ್ದೋ ಹೇಳಲಾರೆ. ಬಾಗಿಲಲ್ಲಿ ನಿಂತು, ಹಿತ್ತಾಳೆಯ ಪುಟ್ಟ ಚಮಚದಿಂದ ನಮ್ಮ ಅಂಗೈಗೆ ಹಾಕಿ, “ಕಡಕ್ ಅದ ನೋಡ್ರಿ” ಎನ್ನುವರು. ಪ್ರತಿ ಸಲವೂ ಅದೇ ಮಾತು.

ಊರಿಂದ ಬಂದಿದ್ದ ನನ್ನ ಅವ್ವ ಒಂದು ಬೆಳಿಗ್ಗೆ ಅವರೆದುರು ಕೈ ಒಡ್ಡಿದಳು. ತುಳಸಿಯ ವಾಸನೆ, ಹಿತ್ತಾಳೆಯ ಚಮಚ; ತೀರ್ಥವೆಂದೇ ತಿಳಿದು ಕುಡಿದುಬಿಟ್ಟಳು. ಒದ್ದೆ ಕೈಯನ್ನು ತಲೆಗೂ ಒರೆಸಿಕೊಂಡಳು.

ನಾನು ಓಡಿಬಂದು ಅವ್ವನ ತೋಳು ಹಿಡಿದೆ. “ಅದರಾಗ ಸ್ಪಿರಿಟ್ ಅದ! ದವಾಖಾನಿಗಿ ನಡಿ!” ಎಂದು ಕೂಗಿದೆ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು.

ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದರು: “ಅಂಜಬ್ಯಾಡ್ರಿ ಅಣ್ಣಾ. ಸ್ಪಿರಿಟ್ ಎಲ್ಲೂ ಸಿಕ್ಕೇ ಇಲ್ಲ. ಲೋಳೆಸರಾನೂ ತೀರ್ಯದ. ಬರೀ ತುಳಸಿ-ಲವಂಗದ ನೀರ ಅದ. ಇಷ್ಟ ದಿನಾ ಸುಳ್ಳ ಹೇಳೀನಿ ನಾ. ಎಲ್ಲಾರೂ ಸಾಬೂನ ಹಚ್ಚಿ ಕೈ ತೊಳಕೋರಿ.” ಅಷ್ಟು ಹೇಳಿ, ಬಾಟಲಿಯಿಂದ ತಾವೇ ಒಂದು ಗುಟುಕು ಕುಡಿದು ತೋರಿಸಿದರು.

ನಾನು ಮೆಟ್ಟಿಲ ಮೇಲೆ ಕುಳಿತೆ. ಅತ್ತೆನೋ ನಕ್ಕೆನೋ ತಿಳಿಯದು. ಅವ್ವ ಮಾತ್ರ ಮತ್ತೆ ಕೈ ಒಡ್ಡಿದಳು: “ಇನ್ನೊಂದಿಷ್ಟು ಹಾಕವ್ವಾ, ಗಂಟಲಿಗಿ ಚಲೋ ಅನಸ್ತು.”